ಶಾಲಾ ಮಕ್ಕಳ ಭಾವನೆ ಮತ್ತು ನಡವಳಿಕೆಯ ತಪಾಸಣೆ: ತಯಾರಿಯಿಂದ ಫಾಲೋಅಪ್‌ವರೆಗೆ

ವರ್ಷಕ್ಕೊಮ್ಮೆ ಆರ್‌ಬಿಎಸ್‌ಕೆ (ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಕಾರ್ಯಕ್ರಮ) ತಂಡ ಶಾಲೆಗೆ ಬರುತ್ತದೆ. ಕಣ್ಣು, ಹಲ್ಲು, ಕಿವಿ, ತೂಕ ನೋಡುತ್ತದೆ. ಮಕ್ಕಳು ಸಾಲಾಗಿ ನಿಲ್ಲುತ್ತಾರೆ, ಕಾರ್ಡು ತುಂಬುತ್ತದೆ, ತಂಡ ಮುಂದಿನ ಊರಿಗೆ ಹೊರಡುತ್ತದೆ. ಆದರೆ ಜೂನ್‌ನಿಂದ ಪ್ರತಿ ಸೋಮವಾರ ಪ್ರಾರ್ಥನೆ ಹೊತ್ತಿಗೆ ಹೊಟ್ಟೆನೋವು ಎನ್ನುವ ಹುಡುಗಿ ಆ ಸಾಲಿನಲ್ಲಿ ಆರೋಗ್ಯವಾಗಿಯೇ ಕಾಣುತ್ತಾಳೆ. ಕೊನೆಯ ಬೆಂಚಿನಲ್ಲಿ ಕೂತು ಯಾರ ತಂಟೆಗೂ ಹೋಗದ ಹುಡುಗನೂ ಅಷ್ಟೇ.

ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ 13ರಿಂದ 17 ವರ್ಷದವರಲ್ಲಿ ಶೇ. 7.3ರಷ್ಟು ಮಂದಿಗೆ ಯಾವುದೋ ಒಂದು ಮಾನಸಿಕ ತೊಂದರೆ ಇದೆ. 40 ಮಕ್ಕಳ ಹೈಸ್ಕೂಲ್ ತರಗತಿಗೆ ಲೆಕ್ಕ ಹಾಕಿದರೆ ಸುಮಾರು ಮೂವರು. ಆ ಮೂವರು ಯಾರು ಎಂದು ಕೇಳಿದರೆ ನಮ್ಮ ಟೀಚರ್‌ಗಳು ಗಲಾಟೆ ಮಾಡುವವರ ಹೆಸರನ್ನೇ ಹೇಳುತ್ತಾರೆ. ಅದು ಸಹಜ, ಅಲ್ವಾ? ಪಾಠ ನಿಲ್ಲಿಸುವವನು ಕಣ್ಣಿಗೆ ಬೀಳುತ್ತಾನೆ. ಒಳಗೊಳಗೇ ನವೆಯುವ ಮಗು ಬೀಳುವುದಿಲ್ಲ. ತಪಾಸಣೆ ಬೇಕಾಗಿರುವುದು ಮುಖ್ಯವಾಗಿ ಈ ಎರಡನೇ ಮಗುವಿಗಾಗಿ.

ಈ ಬರಹ ಶಿಕ್ಷಕರಿಗೆ, ಮುಖ್ಯ ಶಿಕ್ಷಕರಿಗೆ, ಶಾಲೆಗೆ ಬರುವ ಆಪ್ತಸಮಾಲೋಚಕರಿಗೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ತಪಾಸಣೆಯಿಂದ ರೋಗ ಪತ್ತೆಯಾಗುವುದಿಲ್ಲ. ಯಾವ ಮಗುವನ್ನು ಇನ್ನಷ್ಟು ಹತ್ತಿರದಿಂದ ನೋಡಬೇಕು ಎನ್ನುವುದಷ್ಟೇ ಗೊತ್ತಾಗುತ್ತದೆ. ಕಾಯಿಲೆಗೆ ಹೆಸರಿಡುವುದು ಡಾಕ್ಟರ ಕೆಲಸ.

1. ಕೊನೆಯ ಹೆಜ್ಜೆಯಿಂದ ಶುರು ಮಾಡಿ

ಬಹಳ ಶಾಲೆಗಳು ಪ್ರಶ್ನೆಪಟ್ಟಿ ಹುಡುಕುವುದರಿಂದ ಶುರು ಮಾಡುತ್ತವೆ. ಹಾಳೆ ಹಂಚುತ್ತವೆ, ಅಂಕ ಕೂಡಿಸುತ್ತವೆ, 30 ಮಕ್ಕಳ ಪಟ್ಟಿ ಮಾಡುತ್ತವೆ. ಆಮೇಲೆ? ಪಟ್ಟಿ ಬೀರುವಿನಲ್ಲಿ ಉಳಿಯುತ್ತದೆ. ಮಗುವಿಗೆ ಏನೋ ತೊಂದರೆ ಇರಬಹುದು ಎಂದು ಗೊತ್ತಾದ ಮೇಲೂ ಸುಮ್ನೆ ಇರುವುದಕ್ಕಿಂತ ತಪಾಸಣೆ ಮಾಡದೇ ಇರುವುದೇ ವಾಸಿ. ವಿಲ್ಸನ್ ಮತ್ತು ಯುಂಗ್ನರ್ 1968ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗಾಗಿ ಬರೆದ ತಪಾಸಣೆಯ ನಿಯಮಗಳಲ್ಲೂ ಇದಿದೆ: ಪರೀಕ್ಷಿಸುವ, ಚಿಕಿತ್ಸೆ ಕೊಡುವ ವ್ಯವಸ್ಥೆ ಕೈಗೆ ಸಿಗುವಂತಿರಬೇಕು.

ಹಾಗಾಗಿ ಮೊದಲು ಒಂದು ಖಾಲಿ ಹಾಳೆ ತೆಗೆದುಕೊಂಡು ಇಷ್ಟನ್ನು ಬರೆಯಿರಿ:

- ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ದಿನ ಬರುತ್ತಾರೆ? ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ನಿಗದಿಯಾಗಿದೆ. ನಿಮ್ಮಲ್ಲಿ ಈಗ ಯಾವ ಮಂಗಳವಾರ, ಎಷ್ಟು ಗಂಟೆಗೆ ಎಂದು ಫೋನ್ ಮಾಡಿ ಖಚಿತ ಮಾಡಿಕೊಳ್ಳಿ.
- ಜಿಲ್ಲಾ ಆಸ್ಪತ್ರೆಯಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡದಲ್ಲಿ ಯಾರಿದ್ದಾರೆ? ಈ ಕಾರ್ಯಕ್ರಮದ ಮಾದರಿ ದೇಶಕ್ಕೆ ಹೋಗಿದ್ದೇ ನಮ್ಮ ಬಳ್ಳಾರಿಯಿಂದ. ಕೇಳಲು ಸಂಕೋಚ ಬೇಡ.
- ಕಲಿಕೆ, ಮಾತು, ಬೆಳವಣಿಗೆಯ ತೊಂದರೆ ಎನಿಸಿದರೆ ಜಿಲ್ಲಾ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳಿಸುವುದು ಹೇಗೆ? ಆರ್‌ಬಿಎಸ್‌ಕೆ ಡಾಕ್ಟರ್ ನಂಬರ್ ಏನು?
- ಮಾನಸಿಕ ಆರೋಗ್ಯದ ದೊಡ್ಡ ಆಸ್ಪತ್ರೆ ಬೇಕೆನಿಸಿದರೆ ಹತ್ತಿರ ಯಾವುದು: ಬೆಂಗಳೂರಿನ ನಿಮ್ಹಾನ್ಸಾ, ಧಾರವಾಡದ ಡಿಮ್ಹಾನ್ಸಾ, ಪಕ್ಕದ ಮೆಡಿಕಲ್ ಕಾಲೇಜಾ?
- ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್: 14416. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲಿ ಮಾತಾಡಬಹುದು. ಮಕ್ಕಳ ಸಹಾಯವಾಣಿ: 1098.

ಬಸ್ಸಿನ ಹೊತ್ತನ್ನೂ ಬರೆದುಕೊಳ್ಳಿ. ತಮಾಷೆಗೆ ಹೇಳುತ್ತಿಲ್ಲ. ಕೂಲಿ ಬಿಟ್ಟು ಬರುವ ತಾಯಿಗೆ "ಜಿಲ್ಲಾ ಆಸ್ಪತ್ರೆಗೆ ತೋರಿಸಿ" ಎಂದರೆ ಅರ್ಧ ದಾರಿ ಮಾತ್ರ ತೋರಿಸಿದ ಹಾಗೆ. ಎಷ್ಟು ಗಂಟೆ ಬಸ್ಸು, ಚೀಟಿ ಎಲ್ಲಿ ಮಾಡಿಸಬೇಕು, ಯಾವ ನಂಬರ್ ಕೋಣೆ ಎಂದು ಹೇಳಿದರೆ ಹೋಗುತ್ತಾರೆ.

ಈ ಹಾಳೆ ತುಂಬದಿದ್ದರೆ ಅಲ್ಲೇ ನಿಲ್ಲಿ. ಈ ವರ್ಷ ಇಡೀ ಶಾಲೆ ಬೇಡ, ಒಂದೇ ತರಗತಿ ಸಾಕು.

2. ಒಪ್ಪಿಗೆ

ಎಚ್.ಎಂ. (ಮುಖ್ಯ ಶಿಕ್ಷಕರು) ಜೊತೆ ಮಾತಾಡಿ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ವಿಷಯ ಇಡಿ. ಆಯುಷ್ಮಾನ್ ಭಾರತ್ ಶಾಲಾ ಆರೋಗ್ಯ ಕಾರ್ಯಕ್ರಮದಲ್ಲಿ ತರಬೇತಿ ಪಡೆದ ಇಬ್ಬರು ಆರೋಗ್ಯ ರಾಯಭಾರಿ ಶಿಕ್ಷಕರು ನಿಮ್ಮ ಶಾಲೆಯಲ್ಲಿದ್ದರೆ ಜವಾಬ್ದಾರಿ ಅವರಿಗೇ ಇರಲಿ. ಇಡೀ ಸ್ಟಾಫ್ ರೂಮಿಗೆ ಬೇಡ.

ಪೋಷಕರಿಗೆ ಬರೆಯುವ ಪತ್ರದಲ್ಲಿ "ಮಾನಸಿಕ ಅಸ್ವಸ್ಥತೆಯ ಪರೀಕ್ಷೆ" ಎಂದು ಹಾಕಿದರೆ ಊರಲ್ಲಿ ಏನು ಸುದ್ದಿಯಾಗುತ್ತದೆ ಎಂದು ನಿಮಗೇ ಗೊತ್ತು. ನೇರವಾಗಿ, ಸರಳವಾಗಿ ಹೀಗೆ ಬರೆಯಬಹುದು:

"ಮಕ್ಕಳು ಓದಿನಲ್ಲಿ ಹೇಗಿದ್ದಾರೆ ಎಂದು ನೋಡುವ ಹಾಗೆ, ಅವರು ಖುಷಿಯಾಗಿದ್ದಾರಾ, ಭಯ–ಚಿಂತೆ ಏನಾದರೂ ಇದೆಯಾ, ಗೆಳೆಯರ ಜೊತೆ ಹೊಂದಿಕೊಂಡಿದ್ದಾರಾ ಎಂದೂ ಈ ಸಲ ನೋಡುತ್ತಿದ್ದೇವೆ. ಅದಕ್ಕೆ 25 ಪ್ರಶ್ನೆಗಳ ಒಂದು ಹಾಳೆ ಇದೆ. ನಿಮ್ಮಿಂದಲೂ ಟೀಚರ್‌ರಿಂದಲೂ, 11 ದಾಟಿದ ಮಕ್ಕಳಾದರೆ ಅವರಿಂದಲೂ ತುಂಬಿಸುತ್ತೇವೆ. ಮಗುವಿಗೆ ಅಪಾಯ ಇದೆ ಎನಿಸಿದರೆ ಹೊರತು ಉತ್ತರ ಬೇರೆ ಯಾರಿಗೂ ಹೇಳುವುದಿಲ್ಲ. ಅಂಕಪಟ್ಟಿಯಲ್ಲಾಗಲಿ ಟಿಸಿಯಲ್ಲಾಗಲಿ ಬರೆಯುವುದಿಲ್ಲ. ಬೇಡವೆನಿಸಿದರೆ ಬೇಡ ಎನ್ನಬಹುದು. ಅದರಿಂದ ಮಗುವಿಗೆ ಏನೂ ತೊಂದರೆ ಆಗುವುದಿಲ್ಲ."

ಕೆಳಗೆ ಸಹಿ ಅಥವಾ ಹೆಬ್ಬೆಟ್ಟು. ಸಹಿ ಬರದ ಪತ್ರವನ್ನು ಒಪ್ಪಿಗೆ ಎಂದುಕೊಳ್ಳಬೇಡಿ. ಮಗುವನ್ನೂ ಕೇಳಿ. ಎಂಟನೇ ಕ್ಲಾಸಿನ ಹುಡುಗ "ನಾನು ತುಂಬಲ್ಲ ಸಾರ್" ಎಂದರೆ ಅಲ್ಲಿಗೆ ಬಿಡಿ.

3. ಯಾವ ಪ್ರಶ್ನೆಪಟ್ಟಿ?

ನನ್ನ ಆಯ್ಕೆ ಎಸ್‌ಡಿಕ್ಯೂ (ಸ್ಟ್ರೆಂತ್ಸ್ ಅಂಡ್ ಡಿಫಿಕಲ್ಟೀಸ್ ಕ್ವೆಶ್ಚನೇರ್). ಬ್ರಿಟನ್ನಿನ ಮಕ್ಕಳ ಮನೋವೈದ್ಯ ರಾಬರ್ಟ್ ಗುಡ್‌ಮನ್ 1997ರಲ್ಲಿ ಪ್ರಕಟಿಸಿದ್ದು. ಚಿಕ್ಕದು, ಕನ್ನಡದಲ್ಲಿದೆ, ತೊಂದರೆಗಳ ಜೊತೆ ಮಗುವಿನ ಒಳ್ಳೆಯ ಗುಣಗಳನ್ನೂ ಕೇಳುತ್ತದೆ. ಈ ಕೊನೆಯದು ಸಣ್ಣ ವಿಷಯವಲ್ಲ. ಬರೀ ದೂರುಗಳ ಪಟ್ಟಿಯಾದರೆ ತಾಯಂದಿರು ಅರ್ಧಕ್ಕೇ ಬೇಸರ ಮಾಡಿಕೊಳ್ಳುತ್ತಾರೆ.

25 ಪ್ರಶ್ನೆ, ಐದು ಗುಂಪು, ಗುಂಪಿಗೆ ಐದು. ಭಾವನೆ (ಭಯ, ಚಿಂತೆ, ಅಳು, ಆಗಾಗ ಬರುವ ತಲೆನೋವು–ಹೊಟ್ಟೆನೋವು), ನಡತೆ (ಸಿಟ್ಟು, ಜಗಳ, ಸುಳ್ಳು, ಕಳ್ಳತನ), ಚಡಪಡಿಕೆ ಮತ್ತು ಗಮನ, ಗೆಳೆತನ, ಕೊನೆಗೆ ಇತರರಿಗೆ ನೆರವಾಗುವ ಸ್ವಭಾವ. ಪ್ರತಿ ಪ್ರಶ್ನೆಗೆ ಮೂರು ಉತ್ತರ: ನಿಜವಲ್ಲ, ಸ್ವಲ್ಪ ನಿಜ, ಖಂಡಿತ ನಿಜ. ಕಳೆದ ಆರು ತಿಂಗಳು ಅಥವಾ ಈ ಶಾಲಾ ವರ್ಷವನ್ನು ಮನಸ್ಸಿನಲ್ಲಿಟ್ಟುಕೊಂಡು ಉತ್ತರಿಸಬೇಕು. ಪೋಷಕರು ಮತ್ತು ಶಿಕ್ಷಕರು 4ರಿಂದ 17 ವರ್ಷದ ಮಕ್ಕಳ ಬಗ್ಗೆ ತುಂಬುವ ಹಾಳೆ ಬೇರೆ, 11 ದಾಟಿದ ಮಕ್ಕಳು ತಾವೇ ತುಂಬುವ ಹಾಳೆ ಬೇರೆ. ಹಿಂಬದಿಯಲ್ಲಿ "ಪರಿಣಾಮ"ದ ಪುಟ ಇರುವ ಹಾಳೆಯನ್ನೇ ತೆಗೆದುಕೊಳ್ಳಿ. ಯಾಕೆಂದು ಮುಂದೆ ಹೇಳುತ್ತೇನೆ.

ಎಸ್‌ಡಿಕ್ಯೂಇನ್ಫೋ ವೆಬ್‌ಸೈಟ್‌ನಿಂದ ಇಳಿಸಿಕೊಂಡು ಜೆರಾಕ್ಸ್ ಮಾಡಿಸಿ ಬಳಸಬಹುದು. ಲಾಭಕ್ಕಲ್ಲದ ಬಳಕೆಗೆ ದುಡ್ಡಿಲ್ಲ. ಆದರೆ ಪ್ರಶ್ನೆ ಬದಲಾಯಿಸುವಂತಿಲ್ಲ, ಅನುಮತಿ ಇಲ್ಲದೆ ಗೂಗಲ್ ಫಾರ್ಮ್‌ಗೆ ಹಾಕುವಂತೆಯೂ ಇಲ್ಲ. "ನಮ್ಮ ಕನ್ನಡಕ್ಕೆ ಸರಿಹೊಂದಿಸಿದ್ದೇವೆ" ಎಂದು ನಾಲ್ಕು ಪ್ರಶ್ನೆ ತಿದ್ದಿದರೆ ಅದರ ಅಂಕಕ್ಕೆ ಅರ್ಥವೂ ಉಳಿಯುವುದಿಲ್ಲ.

ಅಮೆರಿಕದಲ್ಲಿ ಮೈಕೆಲ್ ಜೆಲ್ಲಿನೆಕ್ ತಂಡ ರೂಪಿಸಿದ 35 ಪ್ರಶ್ನೆಗಳ ಪೀಡಿಯಾಟ್ರಿಕ್ ಸಿಂಪ್ಟಮ್ ಚೆಕ್‌ಲಿಸ್ಟ್ ಕೂಡ ಚೆನ್ನಾಗಿದೆ. ಎರಡನ್ನೂ ಒಟ್ಟಿಗೆ ಕೊಡುವ ಅಗತ್ಯವಿಲ್ಲ.

4. ಹಾಳೆ ತುಂಬಿಸುವುದು

ಜೂನ್‌ನಲ್ಲಿ ಮಾಡಬೇಡಿ. ಹೊಸ ಟೀಚರ್‌ಗೆ ಮಕ್ಕಳ ಹೆಸರೇ ಬಾಯಿಗೆ ಬಂದಿರುವುದಿಲ್ಲ. ಪರೀಕ್ಷೆಯ ವಾರ ಬೇಡ, ಕ್ರೀಡಾಕೂಟದ ವಾರವೂ ಬೇಡ. ಆಗಸ್ಟ್ ಕೊನೆಯಿಂದ ದಸರಾ ರಜೆಯೊಳಗೆ ಮುಗಿಸಿದರೆ, ಮುಂದಿನ ಕೆಲಸಕ್ಕೆ ವರ್ಷದ ಅರ್ಧ ಭಾಗ ಕೈಯಲ್ಲಿರುತ್ತದೆ.

ಒಂದು ಹಾಳೆಗೆ ಐದು ನಿಮಿಷ ಬೇಕು. 40 ಮಕ್ಕಳಿಗೆ ಮೂರು ಗಂಟೆ 20 ನಿಮಿಷ. ಒಂದೇ ಸಂಜೆ ಕೂತು ತುಂಬಿದರೆ ಇಪ್ಪತ್ತನೇ ಮಗುವಿನ ಹೊತ್ತಿಗೆ ಪೆನ್ನು ತಾನಾಗಿಯೇ ಮಧ್ಯದ ಕಲಂಗೆ ಹೋಗುತ್ತದೆ. ದಿನಕ್ಕೆ ಎಂಟರಂತೆ ಐದು ದಿನ ಇಟ್ಟುಕೊಳ್ಳಿ. ಎಚ್.ಎಂ. ಅದಕ್ಕೊಂದು ಪೀರಿಯಡ್ ಬಿಡಿಸಿಕೊಡಲಿ. ತುಂಬುವ ಟೀಚರ್ ಆ ಮಗುವನ್ನು ದಿನಾ ನೋಡುವವರಾಗಿರಬೇಕು.

ಓದು ಬಾರದ ಪೋಷಕರಿಗೆ ಪ್ರಶ್ನೆಯನ್ನು ಇದ್ದ ಹಾಗೆಯೇ ಓದಿ ಹೇಳಿ. "ನಿಮ್ಮ ಮಗ ಸುಳ್ಳು ಹೇಳಲ್ಲ ಅಲ್ವಾ?" ಎಂದು ಕೇಳಬಾರದು. ಅರ್ಥವಾಗದಿದ್ದರೆ ಇನ್ನೊಮ್ಮೆ ಓದಿ. ನೀವೇ ಉದಾಹರಣೆ ಕೊಡಲು ಹೋಗಬೇಡಿ. ಮನೆಯಲ್ಲಿ ಉರ್ದು, ತಮಿಳು ಮಾತಾಡುವವರಿಗೆ ಆ ಭಾಷೆಗಳ ಹಾಳೆ ಕೊಡಿ. ಲಂಬಾಣಿ ತಾಂಡಾದ ತಾಯಿಗೆ ಅವರ ಭಾಷೆಯಲ್ಲಿ ಕೇಳಿ ಹೇಳುವ ದೊಡ್ಡವರೊಬ್ಬರು ಬೇಕು. ಆ ಕೆಲಸಕ್ಕೆ ಮಗುವನ್ನೇ ಕೂರಿಸಬೇಡಿ. ಅಪ್ಪ–ಅಮ್ಮ ದುಡಿಯಲು ಬೇರೆ ಊರಿಗೆ ಹೋಗಿದ್ದರೆ ನೋಡಿಕೊಳ್ಳುತ್ತಿರುವ ಅಜ್ಜಿಯೇ ಪೋಷಕಿ.

ಮಕ್ಕಳು ತಾವೇ ತುಂಬುವಾಗ ದೂರ ದೂರ ಕೂರಿಸಿ. ಒಂದು ಬೆಂಚಿನಲ್ಲಿ ನಾಲ್ವರು ಕೂತರೆ ನಾಲ್ಕೂ ಹಾಳೆಯಲ್ಲಿ ಒಂದೇ ಉತ್ತರ ಬರುತ್ತದೆ. ಹಾಳೆಯ ಮೇಲೆ ಹೆಸರು ಬೇಡ, ಕೋಡ್ ನಂಬರ್ ಹಾಕಿ. ಯಾವ ನಂಬರ್ ಯಾರದ್ದು ಎನ್ನುವ ಪುಸ್ತಕ ಬೇರೆ ಬೀರುವಿನಲ್ಲಿರಲಿ, ಕೀಲಿ ಒಬ್ಬರ ಕೈಯಲ್ಲಿರಲಿ. ಹಾಳೆಯ ಫೋಟೋ ತೆಗೆದು ವಾಟ್ಸಾಪ್ ಗುಂಪಿಗೆ ಹಾಕುವ ಮಾತೇ ಬೇಡ.

ಮಗು ತುಂಬಿದ ಹಾಳೆಗಳನ್ನು ಅದೇ ದಿನ ಕಣ್ಣಾಡಿಸಿ. ಕೆಲವರು ಅಂಚಿನಲ್ಲಿ ಏನಾದರೂ ಬರೆದಿರುತ್ತಾರೆ. ಅದನ್ನು ಎರಡು ವಾರ ಬಿಟ್ಟು ಓದುವಂತಾಗಬಾರದು.

5. ಅಂಕ ಹಾಕುವುದು

ನಿಜವಲ್ಲ 0, ಸ್ವಲ್ಪ ನಿಜ 1, ಖಂಡಿತ ನಿಜ 2. ಆದರೆ ಐದು ಪ್ರಶ್ನೆಗಳಲ್ಲಿ ಇದು ತಿರುಗುಮುರುಗು: ಹೇಳಿದ ಮಾತು ಕೇಳುತ್ತಾರೆ, ಯೋಚಿಸಿ ಕೆಲಸ ಮಾಡುತ್ತಾರೆ, ಹಿಡಿದ ಕೆಲಸ ಮುಗಿಸುತ್ತಾರೆ, ಒಬ್ಬರಾದರೂ ಒಳ್ಳೆಯ ಗೆಳೆಯರಿದ್ದಾರೆ, ಬೇರೆ ಮಕ್ಕಳಿಗೆ ಇವರು ಇಷ್ಟ ಎನ್ನುವ ಅರ್ಥದವು. ಇಲ್ಲಿ "ಖಂಡಿತ ನಿಜ" ಎಂದರೆ 0. ಇದನ್ನು ಮರೆತರೆ ಎಲ್ಲರಿಗೂ ಬೇಕಾದ, ಮಾತು ಕೇಳುವ ಮಗುವಿನ ಲೆಕ್ಕಕ್ಕೆ ಸುಮ್ನೆ 10 ಅಂಕ ಸೇರುತ್ತದೆ. ಇಬ್ಬರು ಬೇರೆ ಬೇರೆಯಾಗಿ ಕೂಡಿಸಿ ತಾಳೆ ನೋಡುವುದು ಒಳ್ಳೆಯದು.

ಮೊದಲ ನಾಲ್ಕು ಗುಂಪುಗಳನ್ನು ಕೂಡಿಸಿದರೆ ಒಟ್ಟು ಅಂಕ, 40ಕ್ಕೆ. ಐದನೇ ಗುಂಪನ್ನು ಸೇರಿಸಬಾರದು. ಮೂಲ ವಿಂಗಡಣೆ ಹೀಗಿದೆ:

- ಪೋಷಕರ ಹಾಳೆ: 13ರವರೆಗೆ ಸಾಮಾನ್ಯ, 14–16 ಅಂಚು, 17 ಮತ್ತು ಮೇಲೆ ಹೆಚ್ಚು
- ಶಿಕ್ಷಕರ ಹಾಳೆ: 11ರವರೆಗೆ ಸಾಮಾನ್ಯ, 12–15 ಅಂಚು, 16 ಮತ್ತು ಮೇಲೆ ಹೆಚ್ಚು
- ಮಗುವಿನ ಹಾಳೆ: 15ರವರೆಗೆ ಸಾಮಾನ್ಯ, 16–19 ಅಂಚು, 20 ಮತ್ತು ಮೇಲೆ ಹೆಚ್ಚು

ಈ ಗೆರೆಗಳನ್ನು ಎಳೆದದ್ದು ಬ್ರಿಟನ್ನಿನ ಮಕ್ಕಳನ್ನು ನೋಡಿ. ಮಂಡ್ಯದ ಮಗುವಿಗೂ ಯಾದಗಿರಿಯ ಮಗುವಿಗೂ ಅದನ್ನೇ ಕಲ್ಲಿನ ಗೆರೆ ಎಂದುಕೊಳ್ಳಬೇಡಿ.

ಒಟ್ಟು ಅಂಕ ಮಾತ್ರ ನೋಡಿದರೆ ಏನಾಗುತ್ತದೆ ಎನ್ನುವುದಕ್ಕೆ ಒಂದು ಹಾಳೆ ನೋಡೋಣ. ಏಳನೇ ಕ್ಲಾಸಿನ ಒಬ್ಬ ಹುಡುಗಿ ಎಂದಿಟ್ಟುಕೊಳ್ಳಿ. ಟೀಚರ್ ತುಂಬಿದ್ದಾರೆ. ಭಾವನೆ 7, ನಡತೆ 0, ಚಡಪಡಿಕೆ 1, ಗೆಳೆತನ 3. ಒಟ್ಟು 11. ಪಟ್ಟಿಯ ಪ್ರಕಾರ "ಸಾಮಾನ್ಯ". ಹಾಳೆ ಪಕ್ಕಕ್ಕೆ ಹೋಗುತ್ತದೆ. ಆದರೆ ಶಿಕ್ಷಕರ ಹಾಳೆಯಲ್ಲಿ ಭಾವನೆಯ ಗುಂಪಿಗೆ 6 ಬಂದರೇ ಜಾಸ್ತಿ ಎಂದು ಲೆಕ್ಕ. ಈ ಹುಡುಗಿಗೆ 7 ಇದೆ. ನಡತೆ ಚೆನ್ನಾಗಿರುವುದೇ ಅವಳ ಸಂಕಟವನ್ನು ಮುಚ್ಚಿಬಿಟ್ಟಿದೆ. ನಾನಂತೂ ಒಟ್ಟು ಅಂಕಕ್ಕಿಂತ ಮೊದಲು ಭಾವನೆಯ ಕಲಂ ನೋಡಿ ಎನ್ನುತ್ತೇನೆ.

ಈಗ "ಪರಿಣಾಮ"ದ ಪುಟ. ಈ ತೊಂದರೆಯಿಂದ ಮಗುವಿಗೆ ನೋವಾಗುತ್ತಿದೆಯಾ? ಪಾಠಕ್ಕೆ, ಗೆಳೆತನಕ್ಕೆ ಅಡ್ಡಿಯಾಗುತ್ತಿದೆಯಾ? ಎಷ್ಟು ದಿನದಿಂದ? ಇಲ್ಲಿ 2 ಅಥವಾ ಹೆಚ್ಚು ಬಂದರೆ ಗಂಭೀರವಾಗಿ ತೆಗೆದುಕೊಳ್ಳಬೇಕು. ಲಕ್ಷಣ ಹತ್ತಿದ್ದರೂ ನಗುನಗುತ್ತಾ ಓಡಾಡುವ ಮಗು ಇರುತ್ತದೆ. ಎರಡೇ ಲಕ್ಷಣಕ್ಕೆ ಶಾಲೆಯನ್ನೇ ಬಿಡುವ ಮಗುವೂ ಇರುತ್ತದೆ.

ಟೀಚರ್ ಹಾಳೆ, ಅಮ್ಮನ ಹಾಳೆ ಹೊಂದುವುದಿಲ್ಲವೇ? ಯಾರೋ ಸುಳ್ಳು ಬರೆದಿದ್ದಾರೆ ಎಂದಲ್ಲ. ಹುಡುಗನಿಗೆ ಶಾಲೆಯಲ್ಲಿ 17, ಮನೆಯಲ್ಲಿ 9 ಬಂದರೆ, ಶಾಲೆಯಲ್ಲಿ ಮಾತ್ರ ಏನೋ ಆಗುತ್ತಿದೆ ಎಂದು ಹಾಳೆ ಹೇಳುತ್ತಿದೆ. ಓದಲು ಬರುತ್ತಿಲ್ಲವೋ, ಯಾರಾದರೂ ಗೋಳು ಹೊಯ್ದುಕೊಳ್ಳುತ್ತಿದ್ದಾರೋ, ಒಬ್ಬ ಮೇಷ್ಟ್ರ ಬೆತ್ತಕ್ಕೆ ಹೆದರಿದ್ದಾನೋ ನೋಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಹೊಡೆತವನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿ ವರ್ಷಗಳೇ ಆದವು. ಆದರೂ ತಪಾಸಣೆ ಕೆಲವೊಮ್ಮೆ ಬೆರಳು ತೋರಿಸುವುದು ಶಾಲೆಯ ಕಡೆಗೇ.

6. ಅಂಕವನ್ನು ಎಷ್ಟು ನಂಬಬೇಕು?

ಗುಡ್‌ಮನ್ ತಂಡ 2000ದಲ್ಲಿ ಪ್ರಕಟಿಸಿದ ಬ್ರಿಟಿಷ್ ಅಧ್ಯಯನದಲ್ಲಿ ಪೋಷಕರು, ಶಿಕ್ಷಕರು, ದೊಡ್ಡ ಮಕ್ಕಳು ಎಲ್ಲರ ಹಾಳೆ ಸೇರಿಸಿದಾಗಲೂ, ನಿಜವಾಗಿ ತೊಂದರೆ ಇದ್ದ 100 ಮಕ್ಕಳಲ್ಲಿ ಸುಮಾರು 63 ಮಂದಿ ಸಿಕ್ಕರು. ತೊಂದರೆ ಇಲ್ಲದ 100ರಲ್ಲಿ ಸುಮಾರು 95 ಮಂದಿಯನ್ನು ಅದು ಸರಿಯಾಗಿ ಬಿಟ್ಟಿತು. 300 ಮಕ್ಕಳ ಶಾಲೆಯಲ್ಲಿ 30 ಮಂದಿಗೆ ತೊಂದರೆ ಇದೆ ಎಂದು ಲೆಕ್ಕಕ್ಕೆ ಇಟ್ಟುಕೊಳ್ಳಿ. ಸಿಗುವವರು 19. ಜೊತೆಗೆ ತೊಂದರೆ ಇಲ್ಲದ 14–15 ಮಂದಿಯೂ ಪಟ್ಟಿಗೆ ಬರುತ್ತಾರೆ. 11 ಮಂದಿ ತಪ್ಪಿಸಿಕೊಳ್ಳುತ್ತಾರೆ.

ಅಂದರೆ ಪಟ್ಟಿಯಲ್ಲಿದ್ದ ಮಾತ್ರಕ್ಕೆ ಯಾರಿಗೂ ಹಣೆಪಟ್ಟಿ ಕಟ್ಟಬೇಡಿ. ಪಟ್ಟಿಯಲ್ಲಿಲ್ಲದ ಮಗುವಿನ ಬಗ್ಗೆ ನಿಮಗೆ ಅನುಮಾನ ಇದ್ದರೆ ಅದನ್ನೂ ಬಿಡಬೇಡಿ. ಅಂಥ ಮಗುವಿನ ಹೆಸರನ್ನು ಕೈಯಲ್ಲೇ ಬರೆದು ಸೇರಿಸಿ.

7. ಎರಡನೇ ನೋಟ

ಹೆಚ್ಚು ಅಂಕ ಬಂದ ಮಗುವನ್ನು ನೇರ ಮನೋವೈದ್ಯರ ಹತ್ತಿರ ಕಳಿಸುವ ಮೊದಲು ಕೆಲವನ್ನು ಇಲ್ಲೇ ನೋಡಬಹುದು. ಬೋರ್ಡು ಕಾಣದ ಮಗು ಪಕ್ಕದವನ ಜೊತೆ ಮಾತಾಡುತ್ತದೆ. ಕಿವಿ ಸೋರುವ ಮಗು ಕರೆದರೆ ತಿರುಗುವುದಿಲ್ಲ, "ಉಡಾಫೆ" ಎನಿಸಿಕೊಳ್ಳುತ್ತದೆ. ರಕ್ತ ಕಡಿಮೆ ಇರುವ ಹುಡುಗಿ ಮಂಕಾಗಿ ಕೂರುತ್ತಾಳೆ. ಕೆಲವು ಸೆಕೆಂಡು ದಿಟ್ಟಿಸಿ ನಿಂತುಬಿಡುವ, ಆಗ ಮುಟ್ಟಿದರೂ ತಿಳಿಯದ ಮಗುವಿಗೆ ಇರುವುದು ಹಗಲುಗನಸಲ್ಲ, ಒಂದು ಬಗೆಯ ಮೂರ್ಛೆ ಇರಬಹುದು. ಬಾಯಲ್ಲಿ ಪಟಪಟ ಉತ್ತರ ಹೇಳಿ, ಬರೆಯುವಾಗ ಮಾತ್ರ ಮೇಜು ಗುದ್ದುವ ಹುಡುಗನಿಗೆ ಕಲಿಕೆಯ ತೊಂದರೆ ಇದೆಯಾ ಎಂದು ನೋಡಬೇಕು. ಹಾಜರಿ ಪುಸ್ತಕವನ್ನೂ ತೆರೆಯಿರಿ. ಯಾವ ವಾರ, ಯಾವ ಪೀರಿಯಡ್ಡಿನ ದಿನ ರಜೆ ಎನ್ನುವುದರಲ್ಲೇ ಅರ್ಧ ಕಥೆ ಇರುತ್ತದೆ.

ಆಮೇಲೆ ಮಗುವಿನ ಜೊತೆ ಮಾತು. ಸ್ಟಾಫ್ ರೂಮಿನಲ್ಲಿ ನಿಲ್ಲಿಸಿ ಅಲ್ಲ. ಬೇರೆಯವರಿಗೆ ಕಾಣುವ, ಆದರೆ ಕೇಳಿಸದ ಜಾಗ ಒಳ್ಳೆಯದು. "ಯಾಕೆ ಹೀಗಿದ್ದೀಯಾ?" ಎಂದು ಶುರು ಮಾಡಿದರೆ ಉತ್ತರ "ಏನಿಲ್ಲ ಮಿಸ್". "ಈಚೆಗೆ ನಿದ್ದೆ ಚೆನ್ನಾಗಿ ಬರ್ತಿದೆಯಾ? ಊಟ ಯಾರ ಜೊತೆ ಕೂತು ಮಾಡ್ತೀಯಾ?" ಎಂದು ಶುರು ಮಾಡಿ. "ಯಾರಿಗೂ ಹೇಳಲ್ಲ" ಎಂದು ಮಾತು ಕೊಡಬೇಡಿ. "ನಿನಗೆ ಅಪಾಯ ಇದೆ ಅನ್ನಿಸಿದರೆ ಮಾತ್ರ ಬೇರೆಯವರಿಗೆ ಹೇಳ್ತೀನಿ, ನಿನಗೆ ಹೇಳಿಯೇ ಹೇಳ್ತೀನಿ" ಎನ್ನಿ.

8. ಕಾಯಬಾರದ ಸಂದರ್ಭ

ಎಸ್‌ಡಿಕ್ಯೂ ಆತ್ಮಹತ್ಯೆಯ ಯೋಚನೆ ಬಗ್ಗೆ ಕೇಳುವುದಿಲ್ಲ. ಮಗು ತುಂಬಾ ಕುಗ್ಗಿದೆ ಎನಿಸಿದರೆ ನೀವೇ ಕೇಳಬೇಕು: "ಬದುಕೋದೇ ಬೇಡ ಅಂತ ಯಾವತ್ತಾದರೂ ಅನ್ನಿಸಿದೆಯಾ?" ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಎನ್ನುವುದು ತಪ್ಪು ನಂಬಿಕೆ. ಹೌದು ಎಂದರೆ ಮಗುವನ್ನು ಒಂಟಿಯಾಗಿ ಬಿಡಬೇಡಿ. ಪೋಷಕರನ್ನು ಅವತ್ತೇ ಕರೆಸಿ, ಅವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ. ದಾರಿ ತಿಳಿಯದಿದ್ದರೆ 14416ಕ್ಕೆ ಫೋನ್ ಮಾಡಿ. ಮನೆಯಲ್ಲಿ ಕೀಟನಾಶಕದ ಡಬ್ಬಿ, ಮಾತ್ರೆ ಎಲ್ಲಿದೆ ಎಂದು ಕೇಳಿ, ಬೀಗ ಹಾಕಿಡಲು ಹೇಳಿ. ಹೊಲ ಇರುವ ಮನೆಗಳಲ್ಲಿ ಈ ಒಂದು ಮಾತನ್ನು ಎಂದೂ ಮರೆಯಬೇಡಿ.

ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ ಪೋಕ್ಸೊ (ಲೈಂಗಿಕ ಅಪರಾಧಗಳಿಂದ ಮಕ್ಕಳ ರಕ್ಷಣೆ) ಕಾಯ್ದೆ, 2012ರ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ತಿಳಿಸದಿದ್ದರೆ ಅದೇ ಅಪರಾಧ. "ಊರಿನ ಮರ್ಯಾದೆ, ಮಾತಾಡಿ ಮುಗಿಸೋಣ" ಎನ್ನುವವರು ಬರುತ್ತಾರೆ. ಮುಗಿಸುವ ಅಧಿಕಾರ ಶಾಲೆಗಿಲ್ಲ. ಮಗುವನ್ನು ಮತ್ತೆ ಮತ್ತೆ ವಿಚಾರಿಸಬೇಡಿ. ಅದು ಹೇಳಿದ ಮಾತನ್ನು ಹೇಳಿದ ಹಾಗೆಯೇ ಬರೆದಿಡಿ.

9. ಪೋಷಕರ ಜೊತೆ ಮಾತು

ಇಡೀ ಕೆಲಸ ನಿಲ್ಲುವುದೋ ಬೀಳುವುದೋ ಇಲ್ಲೇ. ಅಂಕ ಹೇಳಬೇಡಿ. ನೀವು ಕಣ್ಣಾರೆ ಕಂಡದ್ದನ್ನು ಹೇಳಿ.

"ಬನ್ನಿ ಅಮ್ಮ, ಕೂತ್ಕೊಳ್ಳಿ. ನಿಮ್ಮ ಮಗಳು ಚಿಕ್ಕ ಮಕ್ಕಳನ್ನ ತುಂಬಾ ಚೆನ್ನಾಗಿ ನೋಡ್ಕೋತಾಳೆ. ಆದ್ರೆ ಎರಡು ತಿಂಗಳಿಂದ ಬಿಸಿಯೂಟಕ್ಕೆ ಒಬ್ಬಳೇ ಕೂರ್ತಾಳೆ, ಅರ್ಧ ಬಿಡ್ತಾಳೆ. ಮನೇಲಿ ಹೇಗಿದ್ದಾಳೆ?"

"ಮನೇಲೂ ಹಂಗೇ ಮಿಸ್. ರಾತ್ರಿ ಬೆಚ್ಚಿ ಏಳ್ತಾಳೆ. ಅವರಜ್ಜಿ ದೃಷ್ಟಿ ಅಂತ ನಿವಾಳಿಸಿದ್ರು, ತಾಯತಾನೂ ಕಟ್ಟಿಸಿದೀವಿ."

"ಕಟ್ಟಿಸಿದ್ದು ಇರ್ಲಿ ಬಿಡಿ ಅಮ್ಮ. ಜೊತೆಗೆ ಒಂದ್ಸಲ ಡಾಕ್ಟರಿಗೂ ತೋರಿಸೋಣ. ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬರ್ತಾರೆ. ಒಂಬತ್ತರ ಬಸ್ಸಿಗೆ ಹೋದ್ರೆ ಮಧ್ಯಾಹ್ನದೊಳಗೆ ವಾಪಸ್ ಬರಬಹುದು."

"ಹುಚ್ಚರ ಡಾಕ್ಟರಾ ಮಿಸ್?" ಎಂಬ ಪ್ರಶ್ನೆ ಬಂದೇ ಬರುತ್ತದೆ. ಕೋಪ ಮಾಡಿಕೊಳ್ಳಬೇಡಿ, ಸುತ್ತಿ ಬಳಸಿಯೂ ಹೇಳಬೇಡಿ. "ಮನಸ್ಸಿನ ಡಾಕ್ಟ್ರೇ ಅಮ್ಮ. ನಿದ್ದೆ ಬರದಿದ್ರೆ, ಭಯ ಆದ್ರೆ ಅವರೇ ನೋಡೋದು. ಹೋದ ತಕ್ಷಣ ಮಾತ್ರೆ ಕೊಟ್ಟೇ ಕೊಡ್ತಾರೆ ಅಂತೇನಿಲ್ಲ, ಮೊದಲು ಮಾತಾಡಿಸ್ತಾರೆ." ಅಪ್ಪನಿಗೂ ಒಮ್ಮೆ ಹೇಳಿ. ಇಲ್ಲದಿದ್ದರೆ ತಾಯಿಯೊಬ್ಬಳೇ ಮನೆಯಲ್ಲಿ ಎಲ್ಲರಿಗೂ ಉತ್ತರ ಕೊಡಬೇಕಾಗುತ್ತದೆ.

ಡಾಕ್ಟರಿಗೆ ಒಂದು ಪುಟದ ಪತ್ರ ಕೊಟ್ಟು ಕಳಿಸಿ. ಏನು ಕಂಡಿರಿ, ಎಷ್ಟು ದಿನದಿಂದ, ಹಾಜರಿ ಎಷ್ಟು, ಓದು ಹೇಗಿದೆ ಎಂದು ಬರೆಯಿರಿ. ಕಾಯಿಲೆಯ ಹೆಸರು ನೀವೇ ಬರೆಯಬೇಡಿ.

10. ಆಮೇಲೆ ಶಾಲೆಯಲ್ಲಿ

ಅಂಚಿನಲ್ಲಿರುವ ಬಹಳ ಮಕ್ಕಳಿಗೆ ಆಸ್ಪತ್ರೆ ಬೇಕಾಗುವುದಿಲ್ಲ. ಮುಂದಿನ ಬೆಂಚು, ಚಿಕ್ಕ ಚಿಕ್ಕದಾಗಿ ಒಡೆದು ಕೊಟ್ಟ ಕೆಲಸ, ಊಟಕ್ಕೆ ಜೊತೆ ಕೂರುವ ಒಬ್ಬ ಗೆಳತಿ, ವಾರಕ್ಕೆ ಹತ್ತು ನಿಮಿಷ ಮಾತಾಡಿಸುವ ಒಬ್ಬ ಟೀಚರ್. ಆ ಟೀಚರ್ ಯಾರು ಎಂದು ಮಗುವೇ ಆರಿಸಲಿ. ಎಷ್ಟೋ ಸಲ ಅದು ಪಿ.ಇ. ಮೇಷ್ಟ್ರೋ ಬಿಸಿಯೂಟದ ಅಕ್ಕನೋ ಆಗಿರುತ್ತಾರೆ.

ಆಸ್ಪತ್ರೆಗೆ ಹೋಗಲು ಹೇಳಿದವರು ಹೋದರಾ ಎಂದು ಎರಡು ವಾರದೊಳಗೆ ವಿಚಾರಿಸಿ. ಹೋಗಿಲ್ಲದಿದ್ದರೆ ಬೈಯಬೇಡಿ, ಏನು ಅಡ್ಡಿಯಾಯಿತು ಎಂದು ಕೇಳಿ. ಜನವರಿ ಹೊತ್ತಿಗೆ ಆ ಮಕ್ಕಳಿಗೆ ಮಾತ್ರ ಇನ್ನೊಮ್ಮೆ ಹಾಳೆ ತುಂಬಿಸಿ. ಅದಕ್ಕೆ ಎಸ್‌ಡಿಕ್ಯೂನಲ್ಲಿ ಕಳೆದ ಒಂದು ತಿಂಗಳ ಬಗ್ಗೆ ಮಾತ್ರ ಕೇಳುವ ಫಾಲೋಅಪ್ ಹಾಳೆ ಬೇರೆಯೇ ಇದೆ.

ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ವರದಿ ಕೊಡಬೇಕಾಗಿ ಬಂದರೆ ಎಷ್ಟು ಮಕ್ಕಳನ್ನು ನೋಡಲಾಯಿತು, ಎಷ್ಟು ಮಂದಿಯನ್ನು ಕಳಿಸಲಾಯಿತು, ಎಷ್ಟು ಮಂದಿ ತಲುಪಿದರು ಎನ್ನುವ ಮೂರು ಸಂಖ್ಯೆ ಸಾಕು. ಹೆಸರು ಬೇಡ. ವರ್ಷದ ಮಧ್ಯೆ ಮಗು ಟಿಸಿ ತೆಗೆದುಕೊಂಡು ಹೋದರೆ ಅದರ ಹಾಳೆಗಳನ್ನು ಹೊಸ ಶಾಲೆಗೆ ಕಳಿಸಬೇಡಿ. ಡಾಕ್ಟರಿಗೆ ಬರೆದ ಪತ್ರದ ಒಂದು ಪ್ರತಿಯನ್ನು ತಾಯಿಯ ಕೈಗೆ ಕೊಡಿ. ಅಲ್ಲಿ ತೋರಿಸಬೇಕೋ ಬೇಡವೋ ಅವರೇ ನೋಡಿಕೊಳ್ಳುತ್ತಾರೆ.